ಬಸ್ಸು ಇಲ್ಲೆ

ಮಧ್ಯಾಹ್ನ ಮೂರು ಹತ್ತಕ್ಕೆ ಹೊಸನಗರದ ಒಂದು ದಿನಸಿ ಅಂಗಡಿಯ ಮ್ಯಾನೇಜರ್, ‘ಸಾಹುಕಾರ್ರು ಊಟ ಮುಗ್ಸಿ ಬರ್ತಾರೆ, ಇನ್ನೊಂಚೂರು ಕೂತ್ಕಳಿ’ ಎಂದರು. ಎಲ್ಲ ಎಡವಟ್ಟಾಗಲು ಶುರುವಾದದ್ದು ಅಲ್ಲಿಂದಲೇ. ಐದಕ್ಕೆ ನಾನು ತೀರ್ಥಹಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಇನ್ನೊಂದು ಸಂದರ್ಶನಕ್ಕೆ ಇರಬೇಕಿತ್ತು. ಒಂದೇ ಶನಿವಾರ ಎರಡೂ ಕಡೆ ಬರುತ್ತೇನೆಂದು ಒಪ್ಪಿಕೊಂಡಿದ್ದೆ. ಬಾಗಲಕೋಟೆ ಕಡೆಯ ನಮ್ಮ ಬಯಲಿನಲ್ಲಿ ಆ ದೂರ ಲೆಕ್ಕಕ್ಕೇ ಇಲ್ಲ. ಇಲ್ಲಿ ದಾರಿ ಸುತ್ತಿ ಸುತ್ತಿ ಹೋಗುತ್ತದೆ, ಬಸ್ಸು ತಪ್ಪಿದರೆ ಹೊತ್ತೇ ಹೋಗಿಬಿಡುತ್ತದೆ.

ಬಿ.ಎಡ್. ಓದಲು ಸಾಗರಕ್ಕೆ ಬಂದವಳು ನಾನು. ಮೇ ಮುಗಿಯುವುದರೊಳಗೆ ಒಂದು ಅರೆಕಾಲಿಕ ಕೆಲಸ ಹಿಡಿಯದಿದ್ದರೆ ಓದು ಬಿಟ್ಟು ಊರಿಗೆ ಮರಳುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಅಂಗಡಿ ಕೆಲಸ ತಾನೇ, ಸಂಜೆ ಮಾಡಿದರಾಯಿತು ಅಂದುಕೊಂಡಿದ್ದೆ. ನಮ್ಮ ಕಡೆ ಬಿಸಿಲು ತಗ್ಗಿದ ಮೇಲೆಯೇ ಪೇಟೆಗೆ ಜೀವ ಬರುವುದು, ರಾತ್ರಿ ಊಟದ ಹೊತ್ತಿನವರೆಗೂ ಸೀರೆ ಬಿಚ್ಚಿ ತೋರಿಸುತ್ತಿರುತ್ತಾರೆ. ಇಲ್ಲಿ ಅಂಗಡಿಯ ಗಡಿಯಾರ ಬಸ್ಸಿಗೆ ಕಟ್ಟಿಹಾಕಿದ ಹಾಗೆ. ಹಳ್ಳಿಯವರು ಬೆಳಗ್ಗೆ ಬಂದು, ಕೊಳ್ಳುವುದನ್ನು ಕೊಂಡು, ಸಂಜೆಯ ಬಸ್ಸು ಹತ್ತಿಬಿಡುತ್ತಾರೆ. ನನ್ನ ತರಗತಿ ಬಿಡುವುದು ನಾಲ್ಕಕ್ಕೆ. ಸಾಗರದ ಒಬ್ಬ ಬಟ್ಟೆ ಅಂಗಡಿಯವರು ನಗುತ್ತಲೇ ಹೇಳಿದರು: ‘ನೀವು ಬರೋ ಹೊತ್ತಿಗೆ ಗಿರಾಕಿ ಮನೆ ಸೇರಿ ಕಾಫಿ ಕುಡೀತಿರ್ತಾರಮ್ಮ.’ ಮೊಬೈಲ್ ಅಂಗಡಿಯವರು ಭಾನುವಾರ ರಜೆ ಎಂದರು. ನನಗೆ ಬಿಡುವಿದ್ದದ್ದೇ ಶನಿವಾರ, ಭಾನುವಾರ. ಉಳಿದದ್ದು ಹೊಸನಗರ ಮತ್ತು ತೀರ್ಥಹಳ್ಳಿ.

ಹೊಸನಗರದ ಆ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವಳು ರೇಖಾ. ಪಕ್ಕದ ಹಳ್ಳಿಯ ರೈತರ ಮನೆಯ ಹುಡುಗಿ, ಡಿಗ್ರಿ ಕೊನೆಯ ವರ್ಷ. ಅವಳಿಗೆ ಕಾಲೇಜು ಬೆಳಗ್ಗೆ, ಬಿಡುವು ಮಧ್ಯಾಹ್ನ. ಸಾಹುಕಾರರು ಬಂದು, ನನಗೆ ವಾರವಿಡೀ ಬರಲಾಗುವುದಿಲ್ಲವೆಂದೂ ಅವಳಿಗೆ ಶನಿವಾರ, ಭಾನುವಾರ ತಾಯಿಯ ಹೊಲಿಗೆಗೆ ಕೈ ಹಚ್ಚಬೇಕೆಂದೂ ಕೇಳಿ, ‘ನೋಡಣ’ ಎಂದರು. ‘ನೋಡಣ’ ಎಂದರೆ ನೋಡುವುದಿಲ್ಲ ಎಂದರ್ಥವೆಂದು ಹೊರಗೆ ಬಂದ ಮೇಲೆ ರೇಖಾಳೇ ಬಿಡಿಸಿ ಹೇಳಿದಳು. ಅವಳಿಗೂ ತೀರ್ಥಹಳ್ಳಿಯ ಆ ಅಂಗಡಿಯಿಂದ ಕರೆ ಬಂದಿತ್ತು. ನೇರ ಬಸ್ಸು ಆಗಲೇ ಹೋಗಿತ್ತು. ಸಿಕ್ಕ ಬಸ್ಸು ಹಿಡಿದು, ಬೇರೆ ಬಸ್ಸಿಗೆ ಬದಲಿಸಲೆಂದು ಅರ್ಧ ದಾರಿಯ ಒಂದು ಕ್ರಾಸಿನಲ್ಲಿ ಇಳಿದೆವು.

ಅಲ್ಲೊಂದು ತಗಡಿನ ತಂಗುದಾಣ, ಅದರ ಹಿಂದೆ ಅಕೇಶಿಯಾ ಮರಗಳು, ರಸ್ತೆಯಾಚೆ ಒಂದು ಮನೆಯ ಗೇಟು. ಗಾಳಿ ಎದ್ದಿತ್ತು. ‘ನಿಮ್ ಕಡೆ ಎಲ್ರೂ ಹಿಂಗೇ ಜೋರಾಗಿ ಮಾತಾಡದಾ ಮಾರಾಯ್ತಿ? ಸಾಹುಕಾರ್ರು ಕುರ್ಚಿ ಹಿಂದೆ ಸರಿಸ್ಕಂಡ್ರು’ ಎಂದು ರೇಖಾ ನನ್ನನ್ನು ಕಾಡುತ್ತಿದ್ದಳು. ಆಗ ಆಚೆಯ ಗೇಟಿನಿಂದ ವಯಸ್ಸಾದ ಹೆಂಗಸೊಬ್ಬರು ಕೈಬೀಸಿ ಕೂಗಿದರು: ‘ಕೂಸೆ, ಬಸ್ಸು ಇಲ್ಲೆ.’

ನಾನು ಬ್ಯಾಗು ಎತ್ತಿಕೊಂಡು ಓಡಿದೆ. ಬಸ್ಸು ಆ ಬದಿಯಲ್ಲೇ ನಿಲ್ಲುತ್ತದೆ, ನಾವು ತಪ್ಪು ಕಡೆ ನಿಂತಿದ್ದೇವೆ ಎಂದುಕೊಂಡೆ. ಗೇಟು ಮುಟ್ಟಿ ನೋಡಿದರೆ ಬಸ್ಸಿಲ್ಲ, ಅದು ಬರುವ ಸೂಚನೆಯೂ ಇಲ್ಲ.

‘ಇಲ್ಲೇ ಅಂದ್ರಲ್ರಿ?’

‘ಇಲ್ಲೆ ಹೇಳಿದ್ನಲೆ. ಇವತ್ತು ಆ ಬಸ್ಸು ಮದ್ವೆಗೆ ಹೋಯ್ದು.’

ಇಲ್ಲಿಯ ಖಾಸಗಿ ಬಸ್ಸುಗಳು ಮದುವೆಯ ದಿಬ್ಬಣಕ್ಕೆ ಹೊರಟರೆ ಅಂದಿನ ಪ್ರಯಾಣಿಕರಿಗೆ ದೇವರೇ ಗತಿ. ಅದು ನನಗೆ ಗೊತ್ತಿರಲಿಲ್ಲ. ಇನ್ನೊಂದೂ ಗೊತ್ತಿರಲಿಲ್ಲ: ಅಡಿಕೆ ತೋಟದ ಕೆಲವು ಮನೆಗಳ ಮಾತಿನಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’. ನಾನು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ನಿಂತಿದ್ದಾಗ ಬೆನ್ನ ಹಿಂದೆ ಬಟ್ಟೆ ಹರಿದ ಹಾಗೆ ಒಂದು ಸದ್ದಾಯಿತು. ತಿರುಗಿದಾಗ ತಂಗುದಾಣ ಇರಲಿಲ್ಲ. ಅಲ್ಲಿ ಮರವಿತ್ತು.

ರೇಖಾ ಅದರಡಿಯಲ್ಲಿದ್ದಳು. ಅವಳಿಗೆ ಆ ಮಾತು ಸರಿಯಾಗಿಯೇ ಅರ್ಥವಾಗಿತ್ತು. ಬಸ್ಸಿಲ್ಲವೆಂದು ತಿಳಿದೇ, ಅಣ್ಣನಿಗೆ ಫೋನು ಹಚ್ಚಲು ಅವಳು ಅಲ್ಲೇ ಕೂತಿದ್ದಳು.

ನಾನು ಅವಳ ಹೆಸರು ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಕೊನೆಗೆ ಎಲೆಗಳ ಒಳಗಿಂದ ಸಣ್ಣ ದನಿ ಬಂತು: ‘ಬಸ್ ಬಂತನೆ?’

ಅಳು, ನಗು ಎರಡೂ ಒಟ್ಟಿಗೆ ಬಂದುಬಿಟ್ಟವು. ಆ ಅಮ್ಮ ಒಳಗಿನಿಂದ ಕತ್ತಿ ತಂದರು, ದಾರಿಯಲ್ಲಿ ಬಂದ ಪಿಕಪ್ಪಿನವರು ಇಳಿದು ಕೊಂಬೆ ಕಡಿದು ತಗಡು ಎತ್ತಿದರು. ಸಿಮೆಂಟಿನ ಬೆಂಚು ಮರದ ಭಾರ ಹೊತ್ತಿತ್ತು. ರೇಖಾಳ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು, ಅಷ್ಟೆ. ಈ ‘ಅಷ್ಟೆ’ಯನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ. ಆಸ್ಪತ್ರೆಯ ದಾರಿಯಲ್ಲಿ ತೀರ್ಥಹಳ್ಳಿ ಅಂಗಡಿಯಿಂದ ಫೋನು ಬಂತು, ಹೊತ್ತಿಗೆ ಸರಿಯಾಗಿ ಬಾರದವರು ನಮಗೆ ಬೇಡ ಎಂದರು. ‘ಆಯ್ತ್ರೀ’ ಎಂದು ಇಟ್ಟೆ.

ಆಮೇಲೆ ನನಗೆ ನಿದ್ದೆಯೇ ಬರದಾಯಿತು. ಕಣ್ಣು ಮುಚ್ಚಿದರೆ ಅದೇ ಕ್ರಾಸು, ಅದೇ ಕೂಗು. ಆದರೆ ಕನಸಿನಲ್ಲಿ ನನಗೆ ‘ಇಲ್ಲೆ’ಯ ಅರ್ಥ ಗೊತ್ತಿರುತ್ತದೆ. ಸರಿ ಎಂದು ತಲೆಯಾಡಿಸಿ ರೇಖಾಳ ಪಕ್ಕ ಕೂತುಬಿಡುತ್ತೇನೆ. ಬೆಚ್ಚಿ ಎದ್ದರೆ ಸಾಗರದ ಕೋಣೆ, ಹಂಚಿನ ಮೇಲೆ ಮಳೆ. ನಮ್ಮೂರಲ್ಲಿ ಮಳೆ ಬಂದರೆ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನಿಲ್ಲಿ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದೆ. ಅವ್ವ ದಿನಾ ಬೆಳಗ್ಗೆ ಕೇಳುತ್ತಿದ್ದಳು: ‘ನಿದ್ದಿ ಹತ್ತಿತೇನವ್ವಾ? ಸಾಕು ಬಾ ಅತ್ತಾಗ.’ ಊರಿಗೆ ಹೋಗಿಯೇ ಬಿಡಬೇಕೆಂದು ಬಟ್ಟೆಯನ್ನೂ ಮಡಿಸಿಟ್ಟೆ.

ತಡೆದವಳು ರೇಖಾ. ಮಂಚದ ಮೇಲಿಂದಲೇ ಹೊಸನಗರದ ಸಾಹುಕಾರರಿಗೆ ಫೋನು ಮಾಡಿದ್ದಳು. ‘ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದ ಮೇಲೆ ನಾನು, ಶನಿವಾರ ಭಾನುವಾರ ಅವ್ಳು. ಇಬ್ರೂ ಸೇರಿದ್ರೆ ನಿಮಗೊಬ್ಳು ಸಿಕ್ಕಂಗಾಯ್ತಲ್ಲ ಅಂದೆ. ಮೈಮೇಲೆ ಮರ ಬಿದ್ದೋಳಿಗೆ ಬೇಡ ಅನ್ನಕ್ಕೆ ಅವ್ರಿಗೂ ಮನಸ್ ಬರ್ಲಿಲ್ಲ’ ಎಂದು ಕಿಸಕ್ಕನೆ ನಕ್ಕಳು. ತಿಂಗಳುಗಟ್ಟಲೆ ಎಲ್ಲೂ ಹೊಂದದೆ ಇದ್ದ ನನ್ನ ಹೊತ್ತು, ಹೊಂದದ ಇನ್ನೊಬ್ಬಳ ಹೊತ್ತಿಗೆ ಸರಿಯಾಗಿ ಕೂತಿತು. ಅವಳು ಏಳುವವರೆಗೆ ಅವಳ ಪಾಲಿನ ದಿನಗಳಲ್ಲಿ ಅವಳ ಅಣ್ಣ ಅಂಗಡಿಗೆ ಬಂದು ಮೂಟೆ ಎತ್ತಿದ.

ಈಗ ಶನಿವಾರ ರಾತ್ರಿ ರೇಖಾಳ ಮನೆಯಲ್ಲೇ ನನ್ನ ವಾಸ. ಅವರು ಕುಚಲಕ್ಕಿ ಅನ್ನ ಬಡಿಸುತ್ತಾರೆ, ನಾನು ಊರಿನಿಂದ ಬಂದ ಶೇಂಗಾ ಚಟ್ನಿ ಬಿಚ್ಚುತ್ತೇನೆ.

ಪ್ಲಾಸ್ಟರ್ ಬಿಚ್ಚಿ, ಕೋಲೂರಿಕೊಂಡು ರೇಖಾ ಮೊದಲ ಸಲ ಅಂಗಡಿಗೆ ಬಂದದ್ದು ಒಂದು ಶನಿವಾರ, ಸುಮ್ಮನೆ ನೋಡಲು. ಕ್ಯಾಶ್ ಕೌಂಟರಿನ ಹಿಂದೆ ಕೂತು, ಕಾಲನ್ನು ಖಾಲಿ ಕ್ರೇಟಿನ ಮೇಲಿಟ್ಟು, ‘ಹೋಗೆ, ಅಕ್ಕಿ ತುಂಬಿಕೊಡು’ ಎಂದು ನನಗೇ ಅಪ್ಪಣೆ ಮಾಡಿದಳು. ಅಂದು ರಾತ್ರಿ ಗಾಳಿ ಇತ್ತಂತೆ, ಕರೆಂಟು ಹೋಗಿತ್ತಂತೆ. ನನಗೊಂದೂ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು, ಅವ್ವನ ಫೋನು ಬಡಿದುಕೊಳ್ಳುತ್ತಿತ್ತು.

‘ರಾತ್ರಿ ಎಚ್ಚರಾತೇನವ್ವಾ?’

‘ಇಲ್ಲೆ’ ಎಂದೆ.

‘ಇಲ್ಲೇ ಅಂದ್ರ? ಎಲ್ಲಿ?’

ಪಕ್ಕದ ಹಾಸಿಗೆಯಲ್ಲಿ ರೇಖಾ ಹೊದಿಕೆಯೊಳಗೇ ನಗುತ್ತಿದ್ದಳು. ಅವ್ವನಿಗೆ ತಿದ್ದಿ ಹೇಳಲು ಬಾಯಿ ತೆರೆದೆ. ಎರಡು ಅರ್ಥವೂ ನಿಜವೇ, ಯಾವುದನ್ನು ತಿದ್ದಬೇಕೆಂದು ತಿಳಿಯಲಿಲ್ಲ.