ಯಾಕೆ ಎಂದು ಕೇಳಬಾರದ ಊರು

ತುರ್ತು ಪರಿಸ್ಥಿತಿಯ ದಿನಗಳಲ್ಲಿ ನಾನು ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮೂರು ಕುರುಗೋಡು, ಇದ್ದದ್ದು ಕಂಟೋನ್ಮೆಂಟಿನ ಸೋದರಮಾವನ ಮನೆಯಲ್ಲಿ. ಮಾವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಪೇಪರಿನಲ್ಲಿ ಓದಿದ್ದರ ಬಗ್ಗೆ ನಾನೇನಾದರೂ ಕೇಳಿದರೆ ಮೊದಲು ಎದ್ದು ಕಿಟಕಿ ಮುಚ್ಚುತ್ತಿದ್ದರು, ಆಮೇಲೆ “ಅದನ್ನೆಲ್ಲ ಕೇಳಬ್ಯಾಡ” ಅನ್ನುತ್ತಿದ್ದರು.

ನನ್ನ ನಾಟಕ ಹುಟ್ಟಿದ್ದು ಅಲ್ಲಿಂದಲೇ. ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಬರೆದೆ. ಪ್ರಶ್ನೆ ಕೇಳುವುದನ್ನೇ ಸರ್ಕಾರ ನಿಷೇಧಿಸಿದ ಊರಿನ ಕಥೆ. ಅಲ್ಲಿ ಬದನೆಕಾಯಿಯ ರೇಟು ಕೇಳಿದರೆ ದಂಡ; ಎದುರು ಸಿಕ್ಕವರಿಗೆ ‘ಊಟ ಆತೇನ್ರಿ’ ಅಂದರೆ ಲಾಕಪ್ಪು. ಅಳುವ ಮಗುವನ್ನು ‘ಯಾಕಳ್ತಿ’ ಎಂದು ಕೇಳಿದ ತಾಯಿಯನ್ನು ಪೊಲೀಸರು ಎಳೆದೊಯ್ಯುವಲ್ಲಿಗೆ ನಾಟಕ ಮುಗಿಯುತ್ತಿತ್ತು.

ಪ್ರಾಂಶುಪಾಲರು ಠಾಣೆಯ ಒಪ್ಪಿಗೆ ತರಲು ಹೇಳಿದರು. ಸಬ್ ಇನ್ಸ್‌ಪೆಕ್ಟರು ಪೂರ್ತಿ ಓದಿದರು.

“ಇದು ಯಾವೂರಿನ ಕತಿ?”

“ಇಲ್ಲದ ಊರ್ದು ಸರ್.”

“ಇಲ್ಲದ ಊರಾಗ ಪೊಲೀಸರ್ಯಾಕ ಅದಾರ?”

ಪೊಲೀಸರನ್ನು ತೆಗೆದು, ಕೊನೆಗೆ ಸರ್ಕಾರಕ್ಕೆ ಜೈ ಅನ್ನಿಸಿದರೆ ಸಹಿ ಹಾಕುತ್ತೇನೆ ಎಂದರು. “ಆಗಂಗಿಲ್ಲ ಸರ್” ಎಂದು ಹಾಳೆಗಳನ್ನು ವಾಪಸು ತೆಗೆದುಕೊಂಡು ಬಂದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಮಾವ ಬೈಯಲಿಲ್ಲ.

“ನೌಕರಿ ಹೋದ್ರ ಈ ಹುಡುಗರನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲೆವ್ವ?” ಅಂದರು.

“ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ ಮಾಮ.”

“ಹೆಸರು ಬ್ಯಾಡ. ನೀ ಯಾರ ಮನ್ಯಾಗ ಅದೀ ಅಂತ ಅವ್ರಿಗೆ ಗೊತ್ತೈತಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾಟಕ ಬಿಡಲು ನನಗೆ ಮನಸ್ಸಿರಲಿಲ್ಲ. ಮರುದಿನ ಟ್ರಂಕು ಹೊತ್ತು ಕುರುಗೋಡಿಗೆ ಹೋದೆ. ಅಲ್ಲಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಓಡಾಡತೊಡಗಿದೆ.

ತಾಯಿಯ ಪಾತ್ರಕ್ಕಿದ್ದವಳು ನನ್ನ ಸಹಪಾಠಿ, ಸಿರುಗುಪ್ಪದ ಅಕ್ಕಿ ವ್ಯಾಪಾರಿಯ ಮಗಳು. ಅವಳ ಅಕ್ಕನ ನಿಕಾಹ್ ಹತ್ತಿರವಿತ್ತು. “ನಾಟಕ ಅಲ್ಲೇ ಆಡೋಣು. ಮದುವಿ ಮನ್ಯಾಗ ಹೆಣ್ಮಕ್ಕಳು ನಕ್ಕೋತ ಕುಂತ್ರ ಯಾರ ಒಪ್ಪಿಗಿ ಬೇಕು?” ಅಂದಳು. ಅವಳ ಅಬ್ಬಾ ಗಡ್ಡ ಸವರಿಕೊಂಡು, “ಗಂಡಸರು ಹೊರಗ ಚಪ್ಪರದಾಗ ಇರ್ತೀವಿ. ಒಳಗ ಏನು ನಡೀತು ಅಂತ ನಮಗೇನು ಗೊತ್ತು” ಅಂದರು.

ಮದುವೆಯ ಮಧ್ಯಾಹ್ನ, ಊಟ ಮುಗಿದ ಮೇಲೆ, ಒಳಗಿನ ಅಂಗಳದಲ್ಲಿ ನಾವು ಹುಡುಗಿಯರು ಆಡಿದೆವು. ನಾನು ಪೊಲೀಸ್. ಬದನೆಕಾಯಿಯ ದೃಶ್ಯಕ್ಕೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಚಪ್ಪರದ ಕಡೆಯಿಂದಲೂ ನಗು ಕೇಳಿಸಿತು. ಕೊನೆಯ ದೃಶ್ಯ ಬಂತು. ಮಗುವಿನ ಪಾತ್ರದ ಪುಟ್ಟ ಹುಡುಗಿ ಅಳತೊಡಗಿದಳು. ಗೆಳತಿ ಬಾಯಿ ತೆರೆದಳು, ನನ್ನ ಲಾಠಿ ನೋಡಿ ಮುಚ್ಚಿದಳು, ಮತ್ತೆ ತೆರೆದಳು.

ಅವಳು ಕೇಳುವ ಮೊದಲೇ ಮುಂದೆ ಕೂತಿದ್ದ ಅವಳ ಅಜ್ಜಿ, “ಯಾಕಳ್ತೀ ಬೇಟಿ? ಹೊಟ್ಟಿ ನೋಯ್ತೈತೇನು?” ಅಂದರು. ನಾನು ಅವರ ಕಡೆ ಲಾಠಿ ತೋರಿಸಿದೆ. ಅಜ್ಜಿ ಲೆಕ್ಕಿಸಲಿಲ್ಲ. ಹಿಂದಿನಿಂದ ಇನ್ನೊಬ್ಬಾಕೆ ಕೇಳಿದಳು, ಆಮೇಲೆ ಮತ್ತೊಬ್ಬಳು. ಇಷ್ಟು ಜನರಲ್ಲಿ ಯಾರನ್ನು ಹಿಡಿಯಲಿ ಎಂದು ತಿಳಿಯದೆ ನಾನು ಲಾಠಿ ಕೆಳಗಿಟ್ಟೆ. ನಾನು ಬರೆದ ಕೊನೆ ಅಲ್ಲಿ ನಡೆಯಲೇ ಇಲ್ಲ.

ಸುದ್ದಿ ಕಾಲೇಜಿಗೂ ಹೋಯಿತು. ಕ್ಷಮಾಪಣೆ ಬರೆದುಕೊಡಿ ಎಂದರು ಪ್ರಾಂಶುಪಾಲರು. ಗೆಳತಿ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಾಟಕ ಸಂಘದಿಂದ ಇಬ್ಬರನ್ನೂ ತೆಗೆದರು. ಮಾವನ ನೌಕರಿಗೆ ಏನೂ ಆಗಲಿಲ್ಲ. ಆದರೂ ಅವರು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಮುಂದಿನ ಆಟ ಕುರುಗೋಡಿನ ನಮ್ಮ ಮನೆಯಲ್ಲೇ. ಅವ್ವ ಅಂಗಳ ಸಾರಿಸಿ ಕೊಟ್ಟಳು. ಈ ಸಲ ಕೊನೆಯ ಮಾತು ಬರೆದಿರಲೇ ಇಲ್ಲ. ಮಗು ಅತ್ತಿತು. ಗೆಳತಿ ಬಾಯಿ ಮುಚ್ಚಿ ನಿಂತಳು, ನಾನು ಲಾಠಿ ಹಿಡಿದು ನಿಂತೆ. ಕೂತವರು ಒಬ್ಬರ ಮುಖ ಒಬ್ಬರು ನೋಡಿದರು; ಯಾರೂ ಮಾತಾಡಲಿಲ್ಲ. ನಾವೂ ಕದಲಲಿಲ್ಲ. ಯಾರಾದರೂ ಕೇಳುವ ತನಕ ನಿಲ್ಲುವುದೆಂದು ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು. ಕೊನೆಗೆ ಬಾಗಿಲ ಬಳಿ ಕೂತಿದ್ದ ಪಕ್ಕದ ಮನೆಯಾಕೆ ಗಂಟಲು ಸರಿಮಾಡಿಕೊಂಡಳು.