ಕೈ ಮುಟ್ಟದ ಜೋಳದ ರೊಟ್ಟಿ

ಆ ಜಾಹೀರಾತು ಈಗಲೂ ಓಡುತ್ತಿದೆ. ಮೊಬೈಲ್ ತೆರೆದರೆ ಸಾಕು, ಬೆಳ್ಳಗಿನ ಯಂತ್ರವೊಂದು ಬಾಯಿ ತೆರೆದು ಹಿಟ್ಟಿನ ಉಂಡೆ ನುಂಗಿ ದುಂಡಗಿನ ರೊಟ್ಟಿ ಕೊಡುತ್ತದೆ. ‘ಬಡಿಯಬೇಡಿ, ಬೆವರಬೇಡಿ! ಅಪ್ಪಟ ಜೋಳದ ರೊಟ್ಟಿ, ಕೈ ಮುಟ್ಟದೆ!’ ಎಂದು ಒಬ್ಬಳು ಹಲ್ಲು ಕಿರಿಯುತ್ತಾಳೆ. ಆಕೆಯ ಉಗುರು ನೋಡಿದರೇ ಗೊತ್ತಾಗುತ್ತದೆ, ಜನ್ಮದಲ್ಲಿ ಜೋಳದ ಹಿಟ್ಟು ನಾದಿದವಳಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅದು ಅವಳ ಹೊಟ್ಟೆಪಾಡು. ಅವಳ ನಂತರ ಬರುವ ಹೆಂಗಸನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಕನ್ನಡಕ ಹಾಕಿಕೊಂಡು, ರೊಟ್ಟಿ ಹಿಡಿದು, ‘ಭಾಳ ಛಲೋ ಆಗ್ಯಾವ್ರಿ, ನಮ್ಮ ಅಕ್ಕಗ ಒಂದು ಮಷೀನ ಒಯ್ಯತೇನಿ’ ಎನ್ನುವ ಆ ಹೆಂಗಸು ನಾನು.

ಅಕ್ಕ ಇರುವುದು ಸುರೇಬಾನದಲ್ಲಿ. ತಿಂಗಳುಗಟ್ಟಲೆ ಇಡಬಹುದಾದ ಗರಿಗರಿ ಕಟಕ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ರೊಟ್ಟಿ ಬೆಳಗಿನ ಬಸ್ಸಿಗೆ ರಾಮದುರ್ಗಕ್ಕೆ ಹೋಗುತ್ತದೆ, ಯಾವ ಮನೆಯಲ್ಲಿ ಬಸುರಿಯ ಕುಬಸವಿದ್ದರೂ ಮೊದಲು ಅವಳಿಗೇ ಫೋನು ಬರುತ್ತದೆ. ಮಾರಾಟಕ್ಕೆಂದೇ ಮೂವತ್ತು ವರ್ಷ ಬಡಿದು ಬಡಿದು ಬಲಗೈ ಮಣಿಕಟ್ಟು ಹೋಗಿದೆ. ಇನ್ನು ಬಡಿದರೆ ತಂಬಿಗೆ ಎತ್ತಲೂ ಆಗುವುದಿಲ್ಲ ಎಂದು ರಾಮದುರ್ಗದ ಡಾಕ್ಟರು ಎದುರಿಗೇ ಹೇಳಿದ್ದರು. ‘ರೊಟ್ಟಿ ಬಿಟ್ಟು ನಾ ಏನ ಮಾಡ್ಲಿ?’ ಎಂದಳು ಅಕ್ಕ. ಆ ಮಾತು ನನ್ನ ತಲೆಯಲ್ಲಿ ಕುಳಿತಿರುವಾಗಲೇ ಯಂತ್ರದವರು ನಾನಿರುವ ಬೈಲಹೊಂಗಲಕ್ಕೆ ಬಂದರು.

ನಾನು ಕಲಿಸುವ ಸಾಲಿಯ ಹತ್ತಿರ, ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿ ಪ್ರದರ್ಶನ. ಇಸ್ತ್ರಿ ಅಂಗಿಯ ಒಬ್ಬಾತ ಯಂತ್ರದ ಮುಂದೆ ನಿಂತು ರೊಟ್ಟಿಯ ಮೇಲೆ ರೊಟ್ಟಿ ತೆಗೆದ. ಹಿಟ್ಟನ್ನು ಅವರೇ ನಾದಿ ತಂದಿದ್ದರು. ಪ್ರತಿ ರೊಟ್ಟಿಗೂ ಬೆಣ್ಣೆ ಹಚ್ಚಿ, ಶೇಂಗಾ ಚಟ್ನಿ ಉದುರಿಸಿ, ‘ತಿನ್ರಿ ಅಕ್ಕಾರ, ತಿನ್ರಿ’ ಎಂದು ಕೈಗೆ ಕೊಟ್ಟ.

ಇಲ್ಲಿ ನಮ್ಮವರ ಒಂದು ಚಾಳಿ ಹೇಳಬೇಕು. ನಾಗರ ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಓಣಿಯ ಎಲ್ಲ ಮನೆಗಳಿಗೂ ರೊಟ್ಟಿ ಬೀರುತ್ತೇವೆ, ಎಲ್ಲ ಮನೆಯ ರೊಟ್ಟಿಯೂ ನಮ್ಮ ಬುಟ್ಟಿಗೆ ಬರುತ್ತದೆ. ಒಬ್ಬರದು ದಪ್ಪ, ಒಬ್ಬರದು ಸೀದದ್ದು. ಯಾವುದಕ್ಕೂ ಹೆಸರಿಡುವಂತಿಲ್ಲ. ಇನ್ನೊಬ್ಬರು ಕೊಟ್ಟ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ತಿನ್ನಬೇಕು, ಛಲೋ ಆಗಿದೆ ಅನ್ನಬೇಕು. ಹುಟ್ಟಿದಾಗಿನಿಂದ ಇದೇ ರೂಢಿ. ಅಲ್ಲಿಯೂ ನಾನು ಅದನ್ನೇ ಮಾಡಿದೆ. ಆ ರೊಟ್ಟಿ ನಾಲ್ಕು ಮಡಿಕೆ ಮಡಚಿದರೂ ಬಿರಿಯಲಿಲ್ಲ. ಅಪ್ಪಟ ಜೋಳದ ರೊಟ್ಟಿ ಹಾಗೆ ಮಡಚಿಕೊಳ್ಳುತ್ತದೆಯೇ? ಎಂಟನೆಯ ತರಗತಿಗೆ ವಿಜ್ಞಾನ ಹೇಳುವವಳು ನಾನು, ಪರೀಕ್ಷಿಸದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ವರ್ಷಗಟ್ಟಲೆ ಬುದ್ಧಿ ಹೇಳಿದವಳು. ಯಂತ್ರದ ಕರಾಮತ್ತು ಇರಬೇಕು ಅಂದುಕೊಂಡು ಬಾಯಿ ಚಪ್ಪರಿಸಿದೆ. ಆತ ಮೊಬೈಲ್ ಎತ್ತಿ ಹಿಡಿದು, ‘ನೀವು ಟೀಚರಲ್ರಿ? ಒಂದೆರಡು ಮಾತು ಹೇಳ್ರಿ’ ಎಂದ. ಹೇಳಿದೆ. ಯಂತ್ರವನ್ನೂ ಕೊಂಡೆ.

ಪಂಚಮಿಗೆ ಎರಡು ದಿನ ಮೊದಲು ಅದನ್ನು ಸುರೇಬಾನಕ್ಕೆ ಹೊತ್ತುಕೊಂಡು ಹೋದೆ. ಹಬ್ಬಕ್ಕೆ ಅಕ್ಕ ಹತ್ತಾರು ಮನೆಗಳಿಗೆ ರೊಟ್ಟಿ ಒಪ್ಪಿಕೊಂಡಿದ್ದಳು. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲವಾದ್ದರಿಂದ ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ‘ಇನ್ನ ನೀ ಕೈ ಆಡಸಬ್ಯಾಡ, ಸುಮ್ನ ಕುಂಡರು’ ಎಂದೆ. ಅಕ್ಕ ಮಗುವಿನಂತೆ ನಕ್ಕಳು. ಪರಾತದಲ್ಲಿ ಹಿಟ್ಟಿಗೆ ಕುದಿಯುವ ಎಸರು ಸುರಿದು ನಾದಿ, ಉಂಡೆ ಮಾಡಿ ಒಳಗಿಟ್ಟಳು. ನಾನು ಒತ್ತಿದೆ. ಯಂತ್ರದ ಬಾಯಿ ತೆರೆದಾಗ ಅರ್ಧ ಮೇಲಿನ ತಟ್ಟೆಗೆ ಮೆತ್ತಿತ್ತು, ಅರ್ಧ ಚೂರುಚೂರಾಗಿ ಕೆಳಗಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ.

ಆಗ ನಾನು ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ‘ನಿನಗ ಹಿಟ್ಟ ನಾದಾಕ ಬರವಲ್ದು’ ಎಂದೆ. ‘ಅಲ್ಲಿ ನನ್ನ ಕಣ್ಣ ಮುಂದ ಮಾಡಿ ತೋರಿಸ್ಯಾರ. ಯಂತ್ರದ್ದೇನೂ ತಪ್ಪಿಲ್ಲ.’

ಅಕ್ಕ ನಂಬಿದಳು, ತಂಗಿ ಕಲಿತವಳಲ್ಲವೇ. ಎಸರು ಹೆಚ್ಚು ಹಾಕಿ ನಾದಿದಳು, ಕಡಿಮೆ ಹಾಕಿ ನಾದಿದಳು, ಹಿಟ್ಟು ಜರಡಿ ಹಿಡಿದು ಮತ್ತೆ ನಾದಿದಳು. ಮಧ್ಯಾಹ್ನದವರೆಗೆ ಆ ನೋವಿನ ಕೈಯಿಂದ ಏಳು ಸಲ ನಾದಿದಳು, ಏಳು ಸಲವೂ ಹಿಟ್ಟು ಎಮ್ಮೆಯ ಪಾಲಾಯಿತು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಚಿನ ಮುಂದೆ ಕುಳಿತು ಬಡಿಯತೊಡಗಿದಳು. ನಾನು ಕೈಹಾಕಲು ಹೋದರೆ ‘ನಿನ್ನ ರೊಟ್ಟಿ ಮಂದಿ ತಿನ್ನೂದಿಲ್ಲ, ಆಚೆ ಸರಿ’ ಎಂದಳು. ಮರುದಿನ ಸಂಜೆಯ ಹೊತ್ತಿಗೆ ಎಲ್ಲ ಮನೆಗಳಿಗೂ ರೊಟ್ಟಿ ಮುಟ್ಟಿತು. ಅಕ್ಕನ ಮಣಿಕಟ್ಟು ಬಾತು ಬಾಳೆಕಾಯಿಯಾಗಿತ್ತು.

ಹಬ್ಬ ಮುಗಿಸಿ ಬೈಲಹೊಂಗಲಕ್ಕೆ ಬಂದು, ಯಂತ್ರದ ಜೊತೆ ಕೊಟ್ಟ ಪುಸ್ತಕ ಬಿಚ್ಚಿದೆ. ಕೊನೆಯ ಪುಟದ ಬುಡದಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಜೋಳದ ಹಿಟ್ಟಿಗೆ ಅರ್ಧದಷ್ಟು ಗೋಧಿ ಹಿಟ್ಟು ಬೆರೆಸಿಕೊಳ್ಳಬೇಕು. ಕಾರ್ಯಾಲಯದಲ್ಲಿ ಬೆಣ್ಣೆ ಹಚ್ಚಿ ತಿನ್ನಿಸಿದ್ದು ಇದನ್ನೇ! ಅಪ್ಪಟ ಎಂಬ ಮಾತನ್ನು ಗೋಡೆಯಗಲ ಬರೆಸಿ, ಗೋಧಿಯನ್ನು ಪುಸ್ತಕದ ಬುಡದಲ್ಲಿ ಹೂತಿಟ್ಟಿದ್ದರು ಕಳ್ಳರು.

ಫೋನು ಮಾಡಿದೆ. ಇಸ್ತ್ರಿ ಅಂಗಿಯವನೇ ಎತ್ತಿದ. ‘ಸ್ವಲ್ಪ ಗೋಧಿ ಹಾಕಿದ್ರ ಏನಾತ್ರಿ ಟೀಚರ್? ರುಚಿ ನಿಮಗೂ ಸೇರಿತ್ತಲ್ರಿ’ ಎಂದ.

‘ನನ್ನ ಮಾರಿ ತಗೀರಿ ಆ ಜಾಹೀರಾತಿನಾಗಿಂದ’ ಎಂದೆ.

‘ನೀವ ಸ್ವಂತ ಖುಷೀಲೆ ಹೇಳಿದ್ರಲ್ರಿ. ನಾವೇನ ಒತ್ತಾಯ ಮಾಡಿದ್ವಿ?’

ನನಗೆ ಬಂದ ಬೈಗುಳವನ್ನೆಲ್ಲ ಬೈದೆ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಯಾವ ಹುಡುಗನಿಗೂ ಹಾಗೆ ಬೈದಿರಲಿಲ್ಲ. ಆತ ಎಲ್ಲವನ್ನೂ ಕೇಳಿಸಿಕೊಂಡು, ಧನ್ಯವಾದ ಹೇಳಿ ಫೋನು ಇಟ್ಟ. ಜಾಹೀರಾತಿನಿಂದ ನನ್ನ ಮುಖ ಮಾತ್ರ ತೆಗೆಯಲಿಲ್ಲ.

ರವಿವಾರ ಪುಸ್ತಕ ಹಿಡಿದು ಸುರೇಬಾನಕ್ಕೆ ಹೋದೆ. ಅಕ್ಕ ಬಲಗೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಆ ಸಾಲನ್ನು ಓದಿ ಹೇಳಿದೆ. ಯಂತ್ರದವರಿಗೆ ಬೈದದ್ದನ್ನೂ ಹೇಳಿ ಇನ್ನಷ್ಟು ಬೈದೆ. ಅಕ್ಕ ಪೂರ್ತಿ ಕೇಳಿದಳು.

‘ಹಂಗಾರ ನನ್ನ ಹಿಟ್ಟ ಬರೋಬರಿ ಇತ್ತು’ ಎಂದಳು.

‘ಇತ್ತಕ್ಕಾ. ಆ ಸುಳ್ಳಬುರುಕರು...’

‘ಅವರ ಸುದ್ದಿ ಬಿಡು. ಅವ್ರು ನನ್ನ ಕಂಡವರಲ್ಲ, ಏನರ ಹೇಳಲಿ’ ಎಂದು ಅಕ್ಕ ನನ್ನ ಮುಖವನ್ನೇ ನೋಡಿದಳು. ‘ನೀ ಹಲ್ಲ ಬಂದಾಗಿಂದ ನನ್ನ ಕೈಯಾಗಿನ ರೊಟ್ಟಿ ತಿಂದಾಕಿ. ನನಗ ಹಿಟ್ಟ ನಾದಾಕ ಬರತೈತಿ ಅನ್ನೂದು ನಿನಗೂ ಗೊತ್ತಿರಲಿಲ್ಲೇನ?’