ಕಮಲಾಪುರದ ಆಚೆ

ನಮ್ಮ ಸೋದರತ್ತೆ, ಅತ್ಯಾಗೆ, ಊರು ತಿರುಗುವ ಆಸೆಯೇ ಇರಲಿಲ್ಲವಂತೆ. ಆಕೆ ತೀರಿಕೊಂಡ ಮೇಲೆ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಮಾತಾಡಿಸಲು ಬಂದವರಿಗೆಲ್ಲ ಆಕೆಯ ತಮ್ಮ, ನಮ್ಮ ಕಾಕಾ, ಇದನ್ನೇ ಹೇಳಿದರು. ಬಂದವರು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಸಾಕ್ಷಿ ಎಲ್ಲಿದೆ?

ನಮ್ಮ ಮನೆಯವರು ಕಾಶಿಯಿಂದ ರಾಮೇಶ್ವರದವರೆಗೆ ದೇಶ ಸುತ್ತಿದವರು. ಸ್ಲೀಪರ್ ಬೋಗಿ, ಛತ್ರದ ಚಾಪೆ, ಊಟಕ್ಕೆ ಮುತ್ತುಗದೆಲೆಯ ಪತ್ರಾವಳಿ. ಮಡಿಯ ಮನೆ, ಹೊರಗಿನ ಅನ್ನ ಮುಟ್ಟುವಂತಿಲ್ಲ. ಹಾಗಾಗಿ ನೀರಿನ ಬದಲು ಹಾಲಿನಲ್ಲಿ ಹಿಟ್ಟು ನಾದಿ ಬೇಯಿಸಿದ ದಶಮಿ ರೊಟ್ಟಿ, ಜೊತೆಗೆ ಚಟ್ನಿಪುಡಿ. “ಖರ್ಚೂ ಇಲ್ಲ, ಕಸಾನೂ ಇಲ್ಲ,” ಎಂದು ಕಾಕಾ ಹೆಮ್ಮೆಪಡುತ್ತಿದ್ದರು. ನಿಜವೇ. ಆದರೆ ದಶಮಿ ಬೇಯಿಸಿದವಳು ಅತ್ಯಾ. ದೇವರ ಮುಂದಿನ ನಂದಾದೀಪ ಆರಬಾರದೆಂದು ಪ್ರತಿ ಸಲ ಮನೆಯಲ್ಲಿ ಉಳಿದವಳೂ ಆಕೆಯೇ. ಗಂಡ ಹೋದ ಮೇಲೆ ತವರಿಗೆ ಬಂದವಳು. ಬೇರೆ ಯಾರಾದರೂ ಉಳಿಯಬಹುದೇ ಎಂಬ ಮಾತೇ ಏಳಲಿಲ್ಲ.

ಹೋದ ವರ್ಷ ಎಲ್ಲರೂ ತಿರುಪತಿಗೆ ಹೋಗಿದ್ದರು. ಪರೀಕ್ಷೆಗೆಂದು ಉಳಿದಿದ್ದ ನಾನು, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಲ್ಲವೇ ಎಂದು ವಾದಿಸಿ, ದೀಪಕ್ಕೆ ತುಂಬ ಎಣ್ಣೆ ಹಾಕಿಸಿ, ಅತ್ಯಾಳನ್ನು ಹತ್ತಿರದ ಕಮಲಾಪುರಕ್ಕೆ ಹೊರಡಿಸಿದೆ. ಕಿಟಕಿಯ ಪಕ್ಕ ಕೂತವಳು ಕಂಡಕ್ಟರನನ್ನು ಬಿಡಲಿಲ್ಲ.

“ಈ ಬಸ್ ಮುಂದ ಎಲ್ಲಿಗಿ ಹೋಗ್ತದಪಾ?”

“ಬೀದರಕ್ಕ ರೀ, ಅಮ್ಮಾ.”

“ಅಲ್ಲಿಂದ ಮುಂದ?”

“ಮುಂದ ನೀವೇ ಓಡಿಸ್ಕೊಂಡು ಹೋಗ್ರಿ,” ಎಂದು ಆತ ನಕ್ಕ. ಅತ್ಯಾ ನಗಲಿಲ್ಲ; ಹೊರಗೆ ನೋಡತೊಡಗಿದಳು.

ಕಮಲಾಪುರದಲ್ಲಿ ಇಳಿದು ಅಲ್ಲಿನ ಕೆಂಪು ಬಾಳೆಹಣ್ಣು ಕೊಂಡೆವು. ಹಣ್ಣಿಗೆ ಮಡಿಯ ಅಡ್ಡಿಯಿಲ್ಲ. ನಿಧಾನವಾಗಿ ತಿಂದು, ಸಿಪ್ಪೆಯನ್ನು ಆಕಳಿಗೆ ಹಾಕಿದಳು. ನಾವು ಬಂದ ಬಸ್ಸು ಇನ್ನೂ ಅಲ್ಲೇ ನಿಂತಿತ್ತು.

“ಮತ್ತ ಹತ್ತೋಣೇನು, ಅತ್ಯಾ?” ಎಂದೆ.

ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಳು. ಆಮೇಲೆ, “ಎಣ್ಣಿ ಮುಗೀತದ, ಹುಡುಗಿ,” ಎಂದಳು. ಬಸ್ಸು ಮರೆಯಾಗುವವರೆಗೂ ಸೆರಗು ಹಿಡಿದುಕೊಂಡು ನೋಡುತ್ತ ನಿಂತಳು.

ಇದನ್ನೆಲ್ಲ ಮೊನ್ನೆ ಕಾಕಾಗೆ ಹೇಳಿದೆ.

“ನಿನ್ನ ಕಾಲೇಜಿನ ಚರ್ಚಾಸ್ಪರ್ಧೆ ಇಲ್ಲಿ ತರಬ್ಯಾಡ,” ಎಂದರು. “ಬರ್ತೀನಿ ಅಂತ ಆಕಿ ಬಾಯಿ ಬಿಟ್ಟು ಹೇಳಿದ್ರ ನಾ ಬ್ಯಾಡ ಅಂತಿದ್ನೇನು?”

ಅವರ ಕಣ್ಣೂ ಕೆಂಪಾಗಿತ್ತು. ಅವರಿಗೆ ದುಃಖವಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೂ ಕೇಳಿದೆ:

“‘ಅಕ್ಕಾ, ನೀನೂ ಬಾ’ ಅಂತ ನೀವಾದ್ರೂ ಒಮ್ಮಿ ಕರದಿದ್ರಿ ಏನು, ಕಾಕಾ?”